ಒಂದನೇ ಇಯತ್ತೆಗೆ ಎಷ್ಟು ಮನೆ ಸಾಕು

ಕುರ್ಲಾದ ಕನ್ನಡ ಶಾಲೆಯ ಅಧ್ಯಕ್ಷರು ನನಗೆ ಮೊದಲ ಸಲ ಫೋನ್ ಮಾಡಿದ್ದು ಮಕರ ಸಂಕ್ರಾಂತಿಯ ಮರುದಿನ. ಅದು ಹಬ್ಬದ ದಿನವೇ ಎಂದು ನಾನು ಬಹಳ ಕಾಲ ನಂಬಿದ್ದೆ. ಇದನ್ನು ಬರೆಯಲು ಕುಳಿತ ಮೇಲೆ ಹಳೆಯ ಸಂದೇಶಗಳನ್ನು ತೆಗೆದು ನೋಡಿದಾಗ ನೆನಪು ಒಂದು ದಿನ ಹಿಂದಕ್ಕೆ ಸರಿದಿರುವುದು ಗೊತ್ತಾಯಿತು. ಹಬ್ಬದ ದಿನ ಅವರು ಕಳಿಸಿದ್ದು ಎಳ್ಳುಬೆಲ್ಲದ ಚಿತ್ರ ಮಾತ್ರ. ಮರುದಿನ ಬೆಳಿಗ್ಗೆ ಫೋನ್ ಬಂತು.

"ಮೇಡಮ್, ನೀವು ಸರ್ವೆಯಲ್ಲಿ ದೊಡ್ಡ ಹೆಸರು ಮಾಡಿದವರು ಅಂತ ಕೇಳಿದೆ. ನಮ್ಮದೊಂದು ಸಣ್ಣ ಕೆಲಸ ಉಂಟು. ಪರೇಲಿಗೆ ಬಂದ್ರೆ ಕಾಫಿ ಕುಡ್ಕೊಂಡು ಮಾತಾಡುವಾ."

ದೊಡ್ಡ ಹೆಸರೇನೂ ಮಾಡಿದವಳಲ್ಲ ನಾನು. ಒಂದು ಸಂಶೋಧನಾ ಸಂಸ್ಥೆಯಲ್ಲಿ ಜನರಿಗೆ ಕೇಳುವ ಪ್ರಶ್ನೆಗಳನ್ನು ರೂಪಿಸುವುದು, ಎಷ್ಟು ಜನರಿಗೆ ಕೇಳಿದರೆ ಉತ್ತರವನ್ನು ನಂಬಬಹುದು ಎಂದು ಲೆಕ್ಕ ಹಾಕುವುದು ನನ್ನ ಉದ್ಯೋಗವಾಗಿತ್ತು. ನಿವೃತ್ತಳಾದ ಮೇಲೆ ವಿಕ್ರೋಳಿಯ ಮನೆಯಲ್ಲಿ ಕುಳಿತು ಇತರರ ಪ್ರಬಂಧಗಳಲ್ಲಿನ ಇಸವಿಗಳನ್ನು ತಿದ್ದುತ್ತಿದ್ದೆ. ಯಾರೋ ಕೆಲಸಕ್ಕೆ ಕರೆದರಲ್ಲ ಎಂಬ ಸಂತೋಷದಿಂದಲೇ ಹೊರಟೆ.

ಅಧ್ಯಕ್ಷರು ಉಡುಪಿಯ ಕಡೆಯವರು. ಗಿರಣಿಗಳಿದ್ದ ಕಾಲದಲ್ಲಿ ಅವರ ತಂದೆ ಪರೇಲಿನಲ್ಲಿ ತೆರೆದ ಹೋಟೆಲು ಈಗ ಆಫೀಸಿನ ಜನರಿಗೂ ಆಸ್ಪತ್ರೆಗೆ ಬಂದವರಿಗೂ ಊಟ ಹಾಕುತ್ತದೆ. ಹೋಟೆಲಿನ ಮೇಲಿನ ಕೋಣೆಯಲ್ಲಿ ಟ್ರಸ್ಟಿನ ಸಭೆಗಳು ನಡೆಯುತ್ತವೆ. ಅಂದು ಅಲ್ಲಿ ನನ್ನನ್ನು ಬಿಟ್ಟರೆ ಮೂವರಿದ್ದರು. ಅಧ್ಯಕ್ಷರು, ಟ್ರಸ್ಟಿನ ಸದಸ್ಯನಾದ ಒಬ್ಬ ಮುಕಾದಮ, ಎಂದರೆ ಕಟ್ಟಡದ ಕೆಲಸಕ್ಕೆ ಕೂಲಿಕಾರರನ್ನು ಒದಗಿಸುವವನು, ಮತ್ತು ಒಂದನೇ ಇಯತ್ತೆಯ ಟೀಚರು. ತರಗತಿಗೆ ಮುಂಬಯಿಯ ಕನ್ನಡಿಗರು ಇಯತ್ತೆ ಎನ್ನುತ್ತಾರೆ. ಟೀಚರು ವಿಜಯಪುರದ ಕಡೆಯ ಹೆಂಗಸು. ಮಕ್ಕಳೂ ತಾಯಂದಿರೂ ಅವರನ್ನು ಅಕ್ಕೋರು ಎಂದು ಕರೆಯುತ್ತಿದ್ದುದರಿಂದ ನಾನೂ ಹಾಗೆಯೇ ಕರೆಯತೊಡಗಿದೆ.

ವಿಷಯ ಸರಳವಾಗಿತ್ತು. ಶಾಲೆಗೆ ಬರುವವರು ಹೆಚ್ಚಾಗಿ ವಿಜಯಪುರ, ಕಲಬುರಗಿಯ ಕಡೆಯಿಂದ ಬಂದು ಕಟ್ಟಡದ ಕೆಲಸ ಮಾಡುವವರ ಮಕ್ಕಳು. ಒಂದನೇ ಇಯತ್ತೆಗೆ ಸೇರುವವರು ವರ್ಷ ವರ್ಷ ಕಡಿಮೆಯಾಗುತ್ತಿದ್ದರು. ಮುಂದಿನ ಜೂನ್‌ನಲ್ಲಿ ಆ ತರಗತಿಯನ್ನು ತೆರೆಯುವುದೇ ಬೇಡವೆಂದು ಕೆಲವು ಸದಸ್ಯರು ಹೇಳಿದ್ದರು. ಒಂದನೆಯದನ್ನು ತೆರೆಯದಿದ್ದರೆ ಅದರ ಮುಂದಿನ ವರ್ಷ ಎರಡನೆಯದಕ್ಕೆ ಮಕ್ಕಳಿರುವುದಿಲ್ಲ, ಆಮೇಲೆ ಮೂರನೆಯದಕ್ಕೆ; ಶಾಲೆ ಕೆಳಗಿನಿಂದ ಬರಿದಾಗುತ್ತ ಹೋಗುತ್ತದೆ. ಮೊದಲ ದಿನದಿಂದಲೇ ದಿನವೂ ಒಂದು ಪಿರಿಯಡ್ ಇಂಗ್ಲಿಷ್ ಕಲಿಸಿದರೆ ತಂದೆತಾಯಿಗಳು ಮಕ್ಕಳನ್ನು ಕಳಿಸಿಯಾರು ಎಂಬುದು ಅಕ್ಕೋರ ನಂಬಿಕೆ. ಅದು ನಿಜವೇ ಎಂದು ತಿಳಿಯಲು ಸರ್ವೆ ಮಾಡಬೇಕು ಎಂಬುದು ಅಧ್ಯಕ್ಷರ ಯೋಚನೆ. ಅವರು ಯಾವುದೋ ಭಾಷಣದಲ್ಲಿ ಕೇಳಿದ್ದ ಉಪಾಯ ನನ್ನ ಕ್ಷೇತ್ರದ್ದೇ ಆಗಿತ್ತು: ಅರ್ಧ ಮನೆಗಳಲ್ಲಿ "ಜೂನ್‌ನಲ್ಲಿ ಮಗುವನ್ನು ನಮ್ಮ ಶಾಲೆಗೆ ಹಾಕುತ್ತೀರಾ" ಎಂದಷ್ಟೇ ಕೇಳುವುದು, ಉಳಿದರ್ಧ ಮನೆಗಳಲ್ಲಿ ಇಂಗ್ಲಿಷಿನ ವಿಷಯ ಹೇಳಿ ಅದೇ ಪ್ರಶ್ನೆ ಕೇಳುವುದು. ಯಾವ ಮನೆಗೆ ಯಾವುದು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುವುದು. ಎರಡು ಗುಂಪುಗಳ ಉತ್ತರದಲ್ಲಿರುವ ವ್ಯತ್ಯಾಸವೇ ಆ ಒಂದು ವಾಕ್ಯದ ಪರಿಣಾಮ.

"ಫರಕು ಬಂದ್ರೆ ಇಂಗ್ಲಿಷ್ ಟೀಚರನ್ನು ಇಡುವಾ, ಕ್ಲಾಸು ನಡೀಲಿ," ಎಂದರು ಅಧ್ಯಕ್ಷರು. "ಫರಕು ಇಲ್ಲ ಅಂತ ಬಂದ್ರೆ ಮುಚ್ಚುವಾ. ಮತ್ತೆ ಯಾರೂ ನನ್ನನ್ನು ಬೈಯುವ ಹಾಗಿಲ್ಲ. ಸೈನ್ಸು ಹೇಳಿದ್ದಲ್ವಾ."

ಅಕ್ಕೋರು ಕಾಫಿಯ ಲೋಟವನ್ನು ಕೈಯಲ್ಲಿ ಹಿಡಿದೇ ಇದ್ದರು, ಕುಡಿದಿರಲಿಲ್ಲ.

ಮುಕಾದಮ ಮುಂದೆ ಬಾಗಿದ. "ಇಂಗ್ಲಿಷಷ್ಟ ಯಾಕ್ರೀ? ಮಧ್ಯಾಹ್ನದ ಊಟ ಕೊಡ್ತೀವಿ ಅಂತ ಒಂದಿಷ್ಟು ಮನಿಯಾಗ ಕೇಳ್ರಿ. ಅದಕ್ಕ ಜಾಸ್ತಿ ಮಂದಿ ಬರ್ತಾರ."

"ಹಾಗಾದ್ರೆ ಮಾತೃಭಾಷೆ ಅಂತಲೂ ಒಂದು ಹಾಕಿ," ಎಂದರು ಅಧ್ಯಕ್ಷರು. "ನಮ್ಮ ಭಾಷೆ, ನಮ್ಮ ಅಭಿಮಾನ ಅಂತ. ಅದನ್ನು ಕೇಳಿದ್ರೆ ಯಾರು ಇಲ್ಲ ಹೇಳ್ತಾರೆ ಮಾರಾಯ್ರೆ?"

"ಅಭಿಮಾನ ತಿಂದು ಹೊಟ್ಟಿ ತುಂಬ್ತದೇನ್ರಿ ಸೇಠ?"

"ನೀನು ಸುಮ್ನಿರು. ಊಟದ ವಿಷಯ ಹೋಟೆಲಿನವನಿಗೆ ಹೇಳ್ಲಿಕ್ಕೆ ಬರ್ಬೇಡ."

ನಾಲ್ಕು ಬಗೆಯ ಪ್ರಶ್ನೆಗಳಿಗೆ ಮನೆಗಳನ್ನು ನಾಲ್ಕಾಗಿ ಹಂಚಬೇಕಾಗುತ್ತದೆ. ಒಟ್ಟು ಎಷ್ಟು ಮನೆಗಳಿವೆ ಎಂದು ಕೇಳಿದೆ. ಒಂದನೇ ಇಯತ್ತೆಗೆ ಸೇರುವ ವಯಸ್ಸಿನ ಮಗುವಿರುವ ಕನ್ನಡದ ಮನೆಗಳು ಶಾಲೆಯ ಸುತ್ತ ನೂರಕ್ಕೆ ಕೆಲವು ಕಡಿಮೆ ಇದ್ದಾವು ಎಂದರು ಅಕ್ಕೋರು. ಆಗಲೇ ನನಗೆ ಈ ಕೆಲಸದ ಕಷ್ಟ ತಿಳಿಯಿತು. ಆದರೆ ಅದನ್ನು ಅಧ್ಯಕ್ಷರಿಗೆ ಹೇಳಲು ಒಂದು ದಾರಿ ಬೇಕಿತ್ತು. ಮುಂಬಯಿಯಲ್ಲಿ ಯಾವುದನ್ನು ವಿವರಿಸುವುದಕ್ಕೂ ಲೋಕಲ್ ರೈಲು ಇದ್ದೇ ಇದೆ.

"ನಾನು ವಿಕ್ರೋಳಿಯಿಂದ ಹೊರಡುವವಳು," ಎಂದೆ. "ಅಲ್ಲಿಂದ ದಾದರಿಗೆ ಸ್ಲೋ ಗಾಡಿಯಲ್ಲೇ ಬರಬಹುದು. ಇಲ್ಲವೇ ಘಾಟ್ಕೋಪರಿನಲ್ಲಿ ಇಳಿದು ಫಾಸ್ಟ್ ಹಿಡಿಯಬಹುದು. ಯಾವುದು ಬೇಗ ಅಂತ ತಿಳಿಯಬೇಕು. ಒಂದು ದಿನ ಹೀಗೆ, ಒಂದು ದಿನ ಹಾಗೆ ಬಂದು ನೋಡಿದರೆ ಸಾಕೇ?"

"ಎಲ್ಲಿ ಸಾಕು," ಎಂದರು ಅಧ್ಯಕ್ಷರು. "ಒಂದಿನ ಸಿಗ್ನಲ್ ಕೆಟ್ಟಿರ್ತದೆ. ಒಂದಿನ ಫಾಸ್ಟೇ ಲೇಟು."

"ಉಳಿಯುವುದು ಅರ್ಧ ಗಂಟೆಯಾದರೆ?"

"ಅದು ನಾಲ್ಕು ಸಲ ಬಂದ್ರೆ ಗೊತ್ತಾಗ್ತದೆ."

"ಮೂರು ನಿಮಿಷವಾದರೆ?"

"ಅದಕ್ಕೆ ತುಂಬಾ ದಿನ ಬರಬೇಕು. ದಿನಾ ಹೆಚ್ಚುಕಡಿಮೆ ಆಗೋದೇ ಮೂರು ನಿಮಿಷಕ್ಕಿಂತ ಜಾಸ್ತಿ ಅಲ್ವಾ."

ಇಷ್ಟೇ ವಿಷಯ. ದೊಡ್ಡ ವ್ಯತ್ಯಾಸವಾದರೆ ಸ್ವಲ್ಪ ಜನರಲ್ಲೇ ಕಾಣುತ್ತದೆ, ಸಣ್ಣ ವ್ಯತ್ಯಾಸಕ್ಕೆ ಬಹಳ ಜನ ಬೇಕು. ನಿಜವಾಗಿಯೂ ಇರುವ ವ್ಯತ್ಯಾಸವನ್ನು ಒಂದು ಸರ್ವೆ ಹಿಡಿದೀತು ಎಂಬ ಸಂಭವಕ್ಕೆ ನಮ್ಮ ಶಾಸ್ತ್ರದಲ್ಲಿ ಪವರ್ ಎನ್ನುತ್ತಾರೆ. ಪವರ್ ಕಡಿಮೆಯಿರುವ ಸರ್ವೆ "ವ್ಯತ್ಯಾಸ ಕಾಣಲಿಲ್ಲ" ಎಂದರೆ, ಅದರಿಂದ ವ್ಯತ್ಯಾಸವೇ ಇಲ್ಲ ಎಂದಾಗುವುದಿಲ್ಲ; ನೋಡಿದವರ ಕಣ್ಣಿಗೆ ಅಷ್ಟು ಶಕ್ತಿಯಿರಲಿಲ್ಲ ಎಂದೂ ಆಗಬಹುದು. ಅಧ್ಯಕ್ಷರ ನಿಯಮದಲ್ಲಿ ಈ ಎರಡಕ್ಕೂ ಒಂದೇ ಶಿಕ್ಷೆ, ತರಗತಿ ಮುಚ್ಚುವುದು.

ಊಟದ ಪ್ರಶ್ನೆಯನ್ನೂ ಅಭಿಮಾನದ ಪ್ರಶ್ನೆಯನ್ನೂ ಪಟ್ಟಿಯಿಂದ ತೆಗೆಸಿದೆ. ಮುಕಾದಮನಿಗಿಂತ ಅಧ್ಯಕ್ಷರನ್ನು ಒಪ್ಪಿಸುವುದು ಕಷ್ಟವಾಯಿತು. ಇಂಗ್ಲಿಷಿನ ವಾಕ್ಯ ಸುಳ್ಳಾಗಬಾರದು ಎಂದು ನಾನು ಪಟ್ಟು ಹಿಡಿದಿದ್ದರಿಂದ "ಸೇರಿಸುವ ಯೋಚನೆ ಇದೆ" ಎಂದು ಬರೆದುಕೊಂಡೆವು. ಆ ಹೊತ್ತಿಗೆ ಅದು ನಿಜವಾಗಿಯೂ ಯೋಚನೆಯೇ ಆಗಿತ್ತು.

ಮೆಟ್ಟಿಲಿಳಿಯುವಾಗ ಅಕ್ಕೋರು ನನ್ನ ಜೊತೆಗೆ ಬಂದರು. "ಮೇಡಂರೀ, ಒಂದ್ ಮಾತು ಕೇಳ್ಲೇನ್ರಿ? ಈ ಸರ್ವೆದಾಗ ನಮ್ಮ ಸಾಲಿ ಪಾಸಾಗ್ತೈತೋ ಫೇಲಾಗ್ತೈತೋ ಅಂತ ಮೊದಲ ಹೇಳಾಕ ಬರ್ತೈತೇನು?"

"ಪಾಸಾಗುವಷ್ಟು ದೊಡ್ಡ ಪರೀಕ್ಷೆ ಇದು ಹೌದೋ ಅಲ್ಲವೋ ಎಂಬುದನ್ನು ಮೊದಲು ಹೇಳಲು ಬರುತ್ತದೆ," ಎಂದೆ. "ಅದನ್ನೇ ಈಗ ನೋಡಬೇಕು."

ಆ ವಾರದ ಕೊನೆಯಲ್ಲಿ ನಾವಿಬ್ಬರೂ ಕುರ್ಲಾದಲ್ಲಿ ಮನೆಗಳನ್ನು ಗುರುತಿಸುತ್ತ ಸುತ್ತಿದೆವು. ಅದು ಶನಿವಾರವಿದ್ದಿರಬೇಕು; ಭಾನುವಾರವೆಂದು ಅಕ್ಕೋರು ಈಗಲೂ ಹೇಳುತ್ತಾರೆ. ಅಂದು ಶಾಲೆಯಲ್ಲಿ ಬೆಳಗಿನ ಪಾಳಿ ನಡೆದದ್ದು ನನಗೆ ನೆನಪಿರುವುದರಿಂದ ಭಾನುವಾರವಾಗಿರಲಾರದು. ಸ್ಟೇಷನ್ನಿನಿಂದ ಹೊರಟು, ಗ್ಯಾರೇಜುಗಳ ಸಾಲು ದಾಟಿ, ಚಾಳುಗಳ ನಡುವೆ ಒಬ್ಬರ ಹಿಂದೆ ಒಬ್ಬರು ಹೋಗುವಷ್ಟೇ ಅಗಲದ ಗಲ್ಲಿಗಳಲ್ಲಿ ನಡೆದೆವು. ಒಂದೇ ಕೋಣೆಯ ಮನೆಗಳಾದ ಖೋಲಿಗಳ ಬಾಗಿಲಲ್ಲಿ ಹೆಂಗಸರು ಅಕ್ಕೋರನ್ನು ತಡೆದು ಮಾತನಾಡಿಸುತ್ತಿದ್ದರು. ನನ್ನನ್ನು ನೋಡಿ "ಹೊಸಾ ಅಕ್ಕೋರೇನ್ರಿ?" ಎಂದು ಒಬ್ಬಾಕೆ ಕೇಳಿದಳು.

"ಅಲ್ಲ, ಇವ್ರು ಲೆಕ್ಕದ ಅಕ್ಕೋರು," ಎಂದರು ಅಕ್ಕೋರು.

"ಲೆಕ್ಕ ಕಲಸಾಕ ಇಷ್ಟು ವಯಸ್ಸಾದವ್ರು ಬೇಕಾಯ್ತೇನ್ರಿ?" ಎಂದು ಆಕೆ ಕನಿಕರದಿಂದ ನನ್ನ ಕೈಗೆ ಒಂದು ಲೋಟ ನೀರು ಕೊಟ್ಟಳು.

ಸುತ್ತುವಾಗ ಒಂದು ಸಂಗತಿ ನನ್ನನ್ನು ಕಾಡತೊಡಗಿತು. ಒಂದೊಂದು ಗಲ್ಲಿಯಲ್ಲಿ ಒಂದೊಂದು ಊರಿನವರು. ಒಂದೇ ಊರಿನ ಮನೆಗಳು ಒಟ್ಟಿಗೆ ಹಬ್ಬಕ್ಕೆ ಹೋಗುತ್ತವೆ, ಒಂದೇ ಸೈಟಿನಲ್ಲಿ ಕೆಲಸಕ್ಕಿರುತ್ತವೆ, ಮಕ್ಕಳನ್ನು ಒಂದೇ ಶಾಲೆಗೆ ಹಾಕುತ್ತವೆ. ಹತ್ತು ಮನೆಗಳಲ್ಲಿ ಕೇಳಿದರೂ ಹತ್ತು ಉತ್ತರಗಳ ತೂಕ ಅವಕ್ಕಿರುವುದಿಲ್ಲ, ಮೂರೋ ನಾಲ್ಕೋ ಉತ್ತರಗಳಷ್ಟೇ. ನೂರರ ಹತ್ತಿರದ ನಮ್ಮ ಮನೆಗಳು ಲೆಕ್ಕದಲ್ಲಿ ಇನ್ನೂ ಕುಗ್ಗುತ್ತವೆ.

"ಒಂದು ಮನೆಗೆ ಇಂಗ್ಲಿಷಿನ ವಿಷಯ ಹೇಳಿದರೆ ಪಕ್ಕದ ಮನೆಗೆ ಯಾವಾಗ ಗೊತ್ತಾಗುತ್ತದೆ?" ಎಂದು ಅಕ್ಕೋರನ್ನು ಕೇಳಿದೆ.

"ನೀರು ಬಿಟ್ಟ ಕೂಡ್ಲೇರಿ. ಎಲ್ಲಾರೂ ಒಂದ ನಳಕ್ಕ ಬರ್ತಾರಲ್ಲ." ಸ್ವಲ್ಪ ದೂರ ನಡೆದು ಅವರು ನಿಂತರು. "ಅರ್ಧಾ ಮಂದಿಗಿ ಹೇಳೂದು, ಅರ್ಧಾ ಮಂದಿಗಿ ಮುಚ್ಚಿಡೂದು ನನಗ ಸರಿ ಕಾಣವಲ್ದುರೀ. ಎಲ್ಲಾ ನನ್ನ ಮಕ್ಕಳ ಅವ್ವಂದಿರ."

"ಮುಚ್ಚಿಡುವುದು ಒಂದು ದಿನ ಮಾತ್ರ. ಪ್ರಶ್ನೆ ಕೇಳಿ ಮುಗಿದ ಸಂಜೆಯೇ ಎಲ್ಲರಿಗೂ ಹೇಳಿಬಿಡೋಣ."

"ಖರೇನು?"

"ಬರೆದುಕೊಡುತ್ತೇನೆ ಬೇಕಾದರೆ."

"ಬರದು ಕೊಡೂದ ಬ್ಯಾಡ. ನೀವ ನಳದ ಹತ್ರ ನಿಂತು ಹೇಳ್ರಿ."

ಹಾಗೆಯೇ ಆಗಲಿ ಎಂದು ಯೋಜನೆ ಹಾಕಿಕೊಂಡೆವು. ಎಲ್ಲ ಮನೆಗಳನ್ನೂ ಒಂದೇ ಭಾನುವಾರ ಮುಗಿಸಬೇಕು. ಪ್ರತಿ ಗಲ್ಲಿಯೊಳಗೇ ಮನೆಗಳನ್ನು ಚೀಟಿ ಎತ್ತಿ ಎರಡಾಗಿ ಹಂಚಬೇಕು, ಆಗ ಊರು ಊರಿನ ನಡುವಿನ ವ್ಯತ್ಯಾಸ ನಮ್ಮ ಲೆಕ್ಕವನ್ನು ಕೆಡಿಸುವುದಿಲ್ಲ. ಮತ್ತು ಮುಖ್ಯ ಪ್ರಶ್ನೆಗೆ ಮೊದಲು, ಈಗ ಯಾವ ಶಾಲೆಯ ಯೋಚನೆಯಿದೆ ಎಂದು ಎಲ್ಲರನ್ನೂ ಕೇಳಬೇಕು, ಆಗ ಮೊದಲೇ ಇದ್ದ ಒಲವನ್ನು ಲೆಕ್ಕದಿಂದ ಕಳೆಯಬಹುದು. ಹೊಸ ಮನೆಗಳನ್ನು ಸೃಷ್ಟಿಸಲಾಗದ ಕಡೆ ಇರುವ ಮನೆಗಳಿಂದಲೇ ಹೆಚ್ಚು ತಿಳಿಯುವ ಉಪಾಯಗಳು ಇವು. ಪ್ರಶ್ನೆಗಳೆಲ್ಲ ಮುಗಿದ ಆ ಭಾನುವಾರ ಸಂಜೆ ನೀರು ಬಂದಾಗ ನಾನು ನಳದ ಬಳಿ ನಿಂತು, ಎಲ್ಲರಿಗೂ ಕೇಳುವಂತೆ ಇಂಗ್ಲಿಷಿನ ಯೋಚನೆಯ ವಿಷಯ ಹೇಳಿದೆ. ಕೊಡಪಾನಗಳ ಸದ್ದಿನಲ್ಲಿ ಎರಡು ಸಲ ಹೇಳಬೇಕಾಯಿತು.

ಸರ್ವೆಗೆ ಮುಂಚೆಯೇ ಅಧ್ಯಕ್ಷರಿಗೆ ಒಂದು ಪುಟದ ಟಿಪ್ಪಣಿ ಕಳಿಸಿದ್ದೆ. ಅರ್ಧದಷ್ಟು ತಂದೆತಾಯಿಗಳು ಹೇಗೂ ಹೌದೆನ್ನುವರು ಎಂದಿಟ್ಟುಕೊಳ್ಳೋಣ. ಇಂಗ್ಲಿಷಿನ ಮಾತಿನಿಂದ ಹತ್ತು ಮನೆಗೆ ಮೂರು ಮನೆ ಹೆಚ್ಚಾದರೆ ನಮಗೆ ಅದು ಬಹುಮಟ್ಟಿಗೆ ಕಂಡೀತು. ಹತ್ತಕ್ಕೆ ಎರಡು ಮಾತ್ರ ಹೆಚ್ಚಾದರೆ, ಅದನ್ನು ನೆಚ್ಚಿಕೆಯಿಂದ ಹಿಡಿಯಲು ಒಂದೊಂದು ಗುಂಪಿಗೂ ತೊಂಬತ್ತಕ್ಕೆ ಮೇಲ್ಪಟ್ಟು ಮನೆಗಳು ಬೇಕು. ನಮ್ಮಲ್ಲಿ ಎರಡೂ ಗುಂಪು ಸೇರಿ ಅಷ್ಟಿವೆ. ಅಷ್ಟರಲ್ಲಿ ಆ ವ್ಯತ್ಯಾಸ ಕಾಣುವುದೋ ಇಲ್ಲವೋ ಎಂಬುದು ಹೆಚ್ಚುಕಡಿಮೆ ನಾಣ್ಯ ಚಿಮ್ಮಿ ನೋಡಿದಂತೆ. ಆದ್ದರಿಂದ "ವ್ಯತ್ಯಾಸವಿಲ್ಲದಿದ್ದರೆ ಮುಚ್ಚುವುದು" ಎಂಬ ನಿಯಮವನ್ನು ಬದಲಿಸಬೇಕು ಎಂದು ಕೊನೆಯ ಸಾಲಿನಲ್ಲಿ ಬರೆದಿದ್ದೆ.

ಅಧ್ಯಕ್ಷರು ಟಿಪ್ಪಣಿಯನ್ನು ಓದಿದರು; ಅದರಲ್ಲಿ ಸಂಶಯವಿಲ್ಲ. ಆದರೆ ಕೊನೆಯ ಸಾಲಿನವರೆಗೆ ಹೋಗುವ ಮೊದಲೇ ಅವರ ಮನಸ್ಸು ಮನೆಗಳು ಸಾಲವು ಎಂಬ ಮಾತಿನಲ್ಲಿ ಸಿಕ್ಕಿಕೊಂಡಿತ್ತು. ಹೋಟೆಲು ನಡೆಸುವವರಿಗೆ ಯಾವುದಾದರೂ ಸಾಲದು ಎಂದರೆ ತರಿಸಿಬಿಡುವುದು ಅಭ್ಯಾಸ.

ಮುಂದಿನ ಸಭೆ ಯುಗಾದಿಗೆ ಮುಂಚೆ ನಡೆಯಿತೆಂದು ಅಧ್ಯಕ್ಷರು ವಾದಿಸುತ್ತಾರೆ. ಆದರೆ ಪರೇಲಿನ ಅಂಗಡಿಗಳ ಮುಂದೆ ಮರಾಠಿಗರ ಯುಗಾದಿಯಾದ ಗುಡಿ ಪಾಡ್ವಾದ ಒಣಗಿದ ಹೂಮಾಲೆಗಳನ್ನು ನೋಡಿದ್ದು ನನಗೆ ಸ್ಪಷ್ಟವಾಗಿ ನೆನಪಿದೆ, ನನ್ನ ದಿನಚರಿಯೂ ಹಬ್ಬದ ನಂತರದ ವಾರವನ್ನೇ ಹೇಳುತ್ತದೆ. ಮೇಲಿನ ಕೋಣೆಗೆ ಹೋದಾಗ ಅಕ್ಕೋರೂ ಮುಕಾದಮನೂ ಆಗಲೇ ಬಂದಿದ್ದರು. ಮೇಜಿನ ಮೇಲೆ ತುಂಬಿದ ಪ್ರಶ್ನೆಪತ್ರಿಕೆಗಳ ಕಟ್ಟುಗಳು, ಬಾಳೆಲೆಗಳನ್ನು ಕಟ್ಟುವ ದಾರದಿಂದ ಕಟ್ಟಿದ್ದವು. ನಮ್ಮ ಕುರ್ಲಾದ ಕಟ್ಟು ಅವುಗಳ ಪಕ್ಕದಲ್ಲಿ ತೀರ ತೆಳ್ಳಗೆ ಕಾಣುತ್ತಿತ್ತು.

"ನೋಡಿ ಮೇಡಮ್," ಎಂದರು ಅಧ್ಯಕ್ಷರು. ಮುಖದಲ್ಲಿ ಮದುವೆಮನೆಯ ಸಂಭ್ರಮ. "ನೀವು ಜನ ಸಾಲದು ಅಂದ್ರಿ. ನಮ್ಮ ಹೋಟೆಲಿನವರಿಗೆಲ್ಲ ಹೇಳಿ ಮಾಡ್ಸಿದೆ. ಸಯನ್‌ನಿಂದ ಮುಲುಂಡ್ ತನಕ. ನಿಮ್ಮ ಹಾಗೇ ಚೀಟಿ ಎತ್ತಿ ಅರ್ಧಕ್ಕೆ ಅದು, ಅರ್ಧಕ್ಕೆ ಇದು. ಈಗ ಪವರ್ ಬಂತಲ್ಲ?"

"ಯಾರಿಗೆ ಕೇಳಿದಿರಿ?"

"ಎಲ್ಲರಿಗೂ. ಭಟ್ಟರು, ಸಪ್ಲಾಯರು, ಕ್ಲೀನರು. ಎಲ್ಲ ಕನ್ನಡದವರೇ, ಒಬ್ಬ ಹೊರಗಿನವನಿಲ್ಲ."

ಅಕ್ಕೋರು ಒಂದು ಕಟ್ಟಿನ ಮೇಲಿನ ಹಾಳೆಯಲ್ಲಿ ಬರೆದಿದ್ದ ಊರಿನ ಹೆಸರನ್ನು ನೋಡಿದರು. ನಂತರ ಇನ್ನೊಂದನ್ನು. "ಇವ್ರ ಮಕ್ಕಳು ಎಲ್ಲಿರ್ತಾವ್ರಿ ಸೇಠ?"

"ಊರಲ್ಲಿ. ಮತ್ತೆಲ್ಲಿ? ಇಲ್ಲಿ ಇವರಿಗೇ ಮಲಗ್ಲಿಕ್ಕೆ ಜಾಗ ಇಲ್ಲ."

"ಹಂಗಾರ ಕಾರ್ಕಳದಿಂದ ದಿನಾ ಕುರ್ಲಾಕ ಬರ್ತಾವೇನು, ಸಾಲಿಗಿ?"

ಮುಕಾದಮ ನಕ್ಕ. "ಫಾಸ್ಟ್ ಗಾಡಿ ಹಿಡದ್ರ ಬರ್ತಾವ ತಗೋರಿ ಅಕ್ಕೋರ."

ಅಧ್ಯಕ್ಷರು ನಗಲಿಲ್ಲ. "ಅಲ್ಲ, ಮಕ್ಕಳು ಇಲ್ಲಿ ಇದ್ದಿದ್ರೆ ಹಾಕ್ತಿದ್ರಾ ಅಂತ ಕೇಳಿದ್ದು. ಎಲ್ಲರೂ ಹೌದು ಅಂದಿದ್ದಾರೆ. ಒಬ್ಬ ಇಲ್ಲ ಅನ್ನಲಿಲ್ಲ ಮಾರಾಯ್ರೆ."

ಇದೇ ಆ ಮಾತಿನ ಕಷ್ಟವಾಗಿತ್ತು. ಧನಿ ಕಳಿಸಿದ ಕಾಗದದಲ್ಲಿ ಧನಿಯ ಶಾಲೆಗೆ ಮಗುವನ್ನು ಹಾಕುತ್ತೀಯಾ ಎಂದು ಕೇಳಿದರೆ, ಹಗಲಿಡೀ ನಿಂತು ದುಡಿಯುವ ಮನುಷ್ಯ ಹೌದು ಎಂದಲ್ಲದೆ ಇನ್ನೇನು ಹೇಳುತ್ತಾನೆ? ಇಂಗ್ಲಿಷಿನ ವಿಷಯ ಕೇಳಿದವರೂ ಹೌದೆಂದಿದ್ದರು, ಕೇಳದವರೂ ಹೌದೆಂದಿದ್ದರು. ಎರಡೂ ಗುಂಪುಗಳಲ್ಲಿ ಎಲ್ಲವೂ ಹೌದೇ ಆದರೆ ವ್ಯತ್ಯಾಸ ಸೊನ್ನೆ. ಆ ಕಟ್ಟುಗಳನ್ನು ಕುರ್ಲಾದ ತೆಳ್ಳನೆಯ ಕಟ್ಟಿಗೆ ಸೇರಿಸಿದರೆ ಕುರ್ಲಾದಲ್ಲಿ ಏನು ಕಂಡಿತ್ತೋ ಅದೂ ಮುಳುಗಿಹೋಗುತ್ತಿತ್ತು.

"ಇದನ್ನು ಸೇರಿಸಿ ಲೆಕ್ಕ ಮಾಡಿದರೆ ವ್ಯತ್ಯಾಸ ಇಲ್ಲವೆಂದೇ ಬರುತ್ತದೆ," ಎಂದೆ. "ಅದೂ ತುಂಬ ಖಚಿತವಾಗಿ."

"ಇಲ್ಲ ಅಂತಲಾ? ಎಲ್ಲರೂ ಹೌದು ಅಂದ್ರಲ್ಲ."

"ನಿಮ್ಮ ನಿಯಮ ಹೌದುಗಳನ್ನು ಎಣಿಸುವುದಿಲ್ಲ. ಎರಡು ಗುಂಪುಗಳ ನಡುವಿನ ಫರಕನ್ನು ನೋಡುತ್ತದೆ. ಫರಕು ಇಲ್ಲದಿದ್ದರೆ ಕ್ಲಾಸು ಮುಚ್ಚುವುದು ಎಂದವರು ನೀವೇ."

ಅವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ಮುಖ ಬಾಡಿತ್ತು. ತಾವೇ ಪರಿಚಯದ ಹೋಟೆಲುಗಳಿಗೆಲ್ಲ ಫೋನ್ ಮಾಡಿ, ಕಾಗದ ಅಚ್ಚು ಹಾಕಿಸಿ, ಬಿಡುವಿಲ್ಲದ ಜನರ ಬಿಡುವನ್ನು ಬೇಡಿ ತಂದದ್ದು ಶಾಲೆಯ ಬಾಗಿಲು ಮುಚ್ಚಲು ಸಾಕ್ಷಿಯಾಗುತ್ತದೆ ಎಂಬುದು ಅವರಿಗೆ ಆಗ ಹೊಳೆದಿರಬೇಕು. ಆ ಕ್ಷಣದಲ್ಲಿ ನನಗೆ ಅವರ ಮೇಲೆ ಬಹಳ ಅಕ್ಕರೆ ಬಂತು. ನಾನು ಕೆಲಸ ಮಾಡಿದ ಕಡೆಗಳಲ್ಲಿ ಜನ ಸಾಲದೆ ಬಂದಾಗ ಹಿರಿಯ ವಿದ್ವಾಂಸರು ಸುಮ್ಮನೆ ಹೊಂದಿಕೊಂಡು ಬರೆದುಬಿಡುತ್ತಿದ್ದರು. ಸಾಲದು ಎಂಬ ಮಾತನ್ನು ಇಷ್ಟು ಮನಸ್ಸಿಟ್ಟು ಕೇಳಿಸಿಕೊಂಡವರನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

"ಲೋಕಲ್ಲಿನ ಲೆಕ್ಕ ಹೇಳಿದ್ದು ನಾನು," ಎಂದೆ. "ಹೆಚ್ಚು ಗಾಡಿ ಬೇಕು ಅಂದೆ. ಆದರೆ ಅವೆಲ್ಲ ನಮ್ಮ ಲೈನಿನಲ್ಲೇ ಓಡಬೇಕು. ಇವು ಬೇರೆ ಲೈನಿನ ಗಾಡಿಗಳು."

"ವೆಸ್ಟರ್ನ್ ಲೈನು," ಎಂದ ಮುಕಾದಮ.

"ನೀನು ಬಾಯಿ ಮುಚ್ಚು." ಅಧ್ಯಕ್ಷರು ಕಟ್ಟುಗಳನ್ನು ಒಂದೊಂದಾಗಿ ಎತ್ತಿ ಕೆಳಗೆ ನೆಲದ ಮೇಲಿಟ್ಟರು. ಮೇಜಿನ ಮೇಲೆ ಕುರ್ಲಾದ ಕಟ್ಟು ಒಂದೇ ಉಳಿಯಿತು. "ಇದರಲ್ಲಿ ಎಂತ ಬಂದಿದೆ, ಅದನ್ನು ಹೇಳಿ."

ಕುರ್ಲಾದಲ್ಲಿ ಇಂಗ್ಲಿಷಿನ ವಿಷಯ ಕೇಳಿದ ಮನೆಗಳು ಹೌದೆಂದದ್ದು ಹೆಚ್ಚು. ಆದರೆ ಆ ಹೆಚ್ಚಳ, ಚೀಟಿ ಬೇರೆ ರೀತಿ ಬಿದ್ದಿದ್ದರೆ ಇಲ್ಲವಾಗಿಬಿಡಬಹುದಾದಷ್ಟು ಚಿಕ್ಕದು. ಇದೆ ಎಂದು ನಾನು ಸಹಿ ಹಾಕುವಂತಿರಲಿಲ್ಲ, ಇಲ್ಲ ಎಂದೂ ಹಾಕುವಂತಿರಲಿಲ್ಲ. ಹಾಗೆಯೇ ಹೇಳಿದೆ.

"ಹಂಗಾದ್ರ ಇಷ್ಟೆಲ್ಲಾ ಯಾಕ್ ಮಾಡಿದ್ದು?" ಎಂದ ಮುಕಾದಮ. ಈ ಸಲ ಅವನ ಮಾತಿನಲ್ಲಿ ತಮಾಷೆ ಇರಲಿಲ್ಲ.

ಅಕ್ಕೋರು ನನ್ನನ್ನೇ ನೋಡುತ್ತಿದ್ದರು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ವರದಿಗಳನ್ನು ಬರೆದವಳಿಗೆ, ಒಂದು ವರದಿಗಾಗಿ ಯಾರಾದರೂ ಹೀಗೆ ಕಾಯಬಹುದು ಎಂಬುದು ಹೊಸದಾಗಿತ್ತು. ಬೇಕೆಂದರೆ ಆ ಹೆಚ್ಚಳವನ್ನೇ ಎತ್ತಿ ಹಿಡಿದು "ಫರಕಿದೆ" ಎನ್ನಬಹುದಿತ್ತು. ಅಂದೇ ಎಲ್ಲರಿಗೂ ಸಂತೋಷವಾಗುತ್ತಿತ್ತು. ಆದರೆ ಮರುವರ್ಷ ಬೇರೆ ಯಾರಾದರೂ ಅದೇ ಲೆಕ್ಕವನ್ನು ತಿರುವಿ ಹಾಕಿದರೆ ಅಕ್ಕೋರ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ.

"ಸರ್ವೆ ಇಲ್ಲಿಗೆ ನಿಲ್ಲುತ್ತದೆ," ಎಂದೆ. "ಇದಕ್ಕಿಂತ ಹೆಚ್ಚು ಹೇಳುವಷ್ಟು ಮನೆಗಳು ಕುರ್ಲಾದಲ್ಲಿ ಇಲ್ಲ, ಹುಟ್ಟಿಸಲೂ ಆಗುವುದಿಲ್ಲ. ಇನ್ನು ಉಳಿದದ್ದು ಒಂದು ಪ್ರಶ್ನೆ. ನಾವು ಎರಡು ರೀತಿಯಲ್ಲಿ ತಪ್ಪಬಹುದು. ಮಕ್ಕಳು ಬರುವವರಿದ್ದೂ ಕ್ಲಾಸು ಮುಚ್ಚಬಹುದು. ಮಕ್ಕಳು ಬರದಿದ್ದರೂ ತೆರೆದು ಕೂರಬಹುದು. ಎರಡರಲ್ಲಿ ಯಾವ ತಪ್ಪನ್ನು ಆಮೇಲೆ ಸರಿ ಮಾಡಿಕೊಳ್ಳಲು ಬರುತ್ತದೆ?"

ಕೆಳಗಿನಿಂದ ದೋಸೆಯ ಕಾವಲಿಯ ಮೇಲೆ ನೀರು ಚಿಮುಕಿಸಿದ ಸದ್ದು ಕೇಳುತ್ತಿತ್ತು.

"ತೆರೆದು ಖಾಲಿ ಇದ್ರೆ ಬರುವ ವರ್ಷ ಮುಚ್ಚಬಹುದು," ಎಂದರು ಅಧ್ಯಕ್ಷರು ನಿಧಾನವಾಗಿ.

"ಮುಚ್ಚಿದ ಮ್ಯಾಲೆ?" ಎಂದರು ಅಕ್ಕೋರು.

"ಮುಚ್ಚಿದ ಮೇಲೆ..." ಅವರು ಕಿಟಕಿಯ ಕಡೆ ನೋಡಿದರು. "ನಮ್ಮ ಚಿಕ್ಕಪ್ಪ ರಿಪೇರಿಗೆ ಅಂತ ಒಂದು ವರ್ಷ ಹೋಟೆಲು ಮುಚ್ಚಿದ್ರು. ಮತ್ತೆ ತೆರೆದಾಗ ಗಿರಾಕಿ ಎಲ್ಲ ಎದುರಿನ ಹೋಟೆಲಲ್ಲಿ. ಅವರೆಲ್ಲ ನಗ್ತಾ ನಮಸ್ಕಾರ ಮಾಡ್ತಿದ್ರು, ಒಳಗೆ ಮಾತ್ರ ಬರ್ಲಿಲ್ಲ."

"ಸಾಲಿನೂ ಹಂಗರಿ. ದೊಡ್ಡ ಮಗಾ ಹೋದ ಸಾಲಿಗೇ ಸಣ್ಣದು ಹೋಗ್ತೈತಿ. ಒಂದ್ ವರ್ಷ ಬ್ಯಾರೆ ಕಡೆ ಹಾಕಿದ್ರು ಅಂದ್ರ ಆ ಮನಿ ಹ್ವಾದಂಗ."

ಪವರ್ ಎಂಬುದರ ಹಿಂದೆ ಇರುವ ವಿಚಾರ ಕೊನೆಗೂ ಇದೇ. ಎಷ್ಟು ಜನರನ್ನು ಕೇಳಬೇಕು ಎಂಬ ಲೆಕ್ಕ, ಯಾವ ತಪ್ಪು ನಮಗೆ ಎಷ್ಟು ದುಬಾರಿ ಎಂಬ ತೀರ್ಮಾನದಿಂದ ಹುಟ್ಟುತ್ತದೆ. ಸಂಸ್ಥೆಯಲ್ಲಿ ಇದರ ಪಾಠ ಹೇಳುವಾಗ ನಾವು ಆ ತೀರ್ಮಾನವನ್ನು ರೂಢಿಯ ಒಂದು ಅಂಕಿಗೆ ಬಿಟ್ಟುಬಿಡುತ್ತೇವೆ, ವಿದ್ಯಾರ್ಥಿಗಳೂ ಯಾಕೆಂದು ಕೇಳುವುದಿಲ್ಲ. ಆ ಕೋಣೆಯಲ್ಲಿ ಅದನ್ನು ಮಾಡಬೇಕಾದವರೇ ಕುಳಿತು ಮಾಡಿದರು.

"ಒಂದು ವರ್ಷ," ಎಂದರು ಅಧ್ಯಕ್ಷರು. "ಇಂಗ್ಲಿಷ್ ಟೀಚರನ್ನೂ ಇಡುವಾ. ನಳದ ಹತ್ರ ನಿಂತು ಹೇಳಿ ಬಂದಿದ್ದೀರಲ್ಲ, ಇನ್ನು ಕೊಡದಿದ್ರೆ ಆ ಹೆಂಗಸರು ನನ್ನನ್ನು ಬಿಡ್ತಾರಾ? ಆದ್ರೆ ಒಂದೇ ವರ್ಷ. ಬೆಂಚು ಖಾಲಿ ಇದ್ರೆ ಮತ್ತೆ ನನ್ನ ಹತ್ರ ಬರಬಾರದು."

ಅಕ್ಕೋರು ತಲೆಯಾಡಿಸಿದರು. ಈ ಸಲವೂ ಮುಟ್ಟದೆ ಇಟ್ಟಿದ್ದ, ತಣ್ಣಗಾದ ಕಾಫಿಯನ್ನು ಆಗ ಕುಡಿದರು.

ಜೂನ್ ಮಧ್ಯದಲ್ಲಿ ಶಾಲೆ ತೆರೆದ ದಿನ ಬೆಂಚುಗಳು ಬಹುಪಾಲು ಖಾಲಿಯೇ ಇದ್ದವು. ಅಂದು ನಾನು ಹೋಗಿರಲಿಲ್ಲ. ಅಧ್ಯಕ್ಷರು ಬೆಳಿಗ್ಗೆಯೇ ಫೋನ್ ಮಾಡಿ, "ಮೇಡಮ್, ನಿಮ್ಮ ಎರಡನೇ ತಪ್ಪು ಆಗಿಹೋಯ್ತು," ಎಂದರು. ಅಕ್ಕೋರಿಗೆ ಫೋನ್ ಮಾಡಿದೆ.

"ಊರಿಗಿ ಹ್ವಾದ ಮಂದಿ ಇನ್ನೂ ಬಂದಿಲ್ರೀ," ಎಂದರು. "ಬಿತ್ತಗಿ ಮುಗಿಸಿ ಬರ್ತಾರ. ಸೇಠಗ ಹೇಳ್ರಿ, ಮೊದಲನೇ ದಿನಾ ಎಣಸಬ್ಯಾಡ ಅಂತ."

ಅವರ ದನಿ ಗಟ್ಟಿಯಾಗಿಯೇ ಇತ್ತು, ಆದರೆ ಮಾತು ಮುಗಿದ ಮೇಲೂ ಫೋನ್ ಇಡಲಿಲ್ಲ. "ಬರ್ತಾರಲ್ರೀ?" ಎಂದು ಅವರೇ ಕೇಳಿದರು. ಬರುತ್ತಾರೆ ಎಂದೆ. ಹಾಗೆನ್ನಲು ನನ್ನಲ್ಲಿ ಯಾವ ಲೆಕ್ಕವೂ ಇರಲಿಲ್ಲ.

ಆಷಾಢ ಏಕಾದಶಿಗೆ ಕೆಲವು ದಿನಗಳಿರುವಾಗ ಕುರ್ಲಾಕ್ಕೆ ಹೋದೆ. ರಾತ್ರಿಯೆಲ್ಲ ಮಳೆ ಸುರಿದು ಶಾಲೆಯ ಮೆಟ್ಟಿಲುಗಳು ಒದ್ದೆಯಾಗಿದ್ದವು. ಮೇಲಿನ ಮೊಗಸಾಲೆಯಲ್ಲಿ ಅಧ್ಯಕ್ಷರು ಪ್ಯಾಂಟಿನ ಕಾಲು ಮಡಚಿಕೊಂಡು ನಿಂತಿದ್ದರು. ಒಂದನೇ ಇಯತ್ತೆಯ ಬಾಗಿಲ ಹೊರಗೆ ಸಣ್ಣ ಚಪ್ಪಲಿಗಳೂ ಪ್ಲಾಸ್ಟಿಕ್ ಬೂಟುಗಳೂ ಒಂದರ ಮೇಲೊಂದು ಬಿದ್ದಿದ್ದವು. ಕೋಣೆ ತುಂಬಿರಲಿಲ್ಲ, ಆದರೆ ಖಾಲಿ ಎನ್ನುವಂತೆಯೂ ಇರಲಿಲ್ಲ. ಹಿಂದಿನ ಎರಡು ಬೆಂಚುಗಳನ್ನು ಬಿಟ್ಟರೆ ಎಲ್ಲ ಬೆಂಚುಗಳಲ್ಲೂ ಮಕ್ಕಳಿದ್ದರು. ಕಿಟಕಿಯ ಬಳಿ ಕುಳಿತ ಒಬ್ಬಳು ಹುಡುಗಿ ಊರಿನಿಂದ ಬಂದ ಚೀಲವನ್ನು ಇನ್ನೂ ಮಡಿಲಲ್ಲೇ ಇಟ್ಟುಕೊಂಡಿದ್ದಳು.

"ಬಂದ್ರು ಮೇಡಮ್," ಎಂದರು ಅಧ್ಯಕ್ಷರು. "ಹೋದ ವರ್ಷಕ್ಕಿಂತ ಜಾಸ್ತಿ ಉಂಟು. ಹಾಗಾದ್ರೆ ಇಂಗ್ಲಿಷ್ ಕೆಲಸ ಮಾಡ್ತು. ಅಲ್ವಾ?"

"ಅದನ್ನು ಹೇಳಲು ಬರುವುದಿಲ್ಲ," ಎಂದೆ. "ಈ ಸಲ ಎಲ್ಲರಿಗೂ ಹೇಳಿದ್ದೇವೆ. ಹೇಳದೆ ಉಳಿದವರಿದ್ದರೆ ಹೋಲಿಸಿ ನೋಡಬಹುದಿತ್ತು. ಊರಿನಿಂದ ಈ ವರ್ಷ ಹೆಚ್ಚು ಸಂಸಾರಗಳು ಬಂದಿರಬಹುದು. ಬೇರೆ ಶಾಲೆಯಲ್ಲಿ ಜಾಗ ಸಿಗದೆ ಇರಬಹುದು."

"ನಿಮ್ಮ ಬಾಯಿಂದ ಒಂದು ಹೌದು ಹೊರಡಿಸುವುದು ಉಂಟಲ್ಲ, ಮಾರಾಯ್ರೆ, ಹೋಟೆಲಿಗೆ ಲೈಸೆನ್ಸು ತರುವುದಕ್ಕಿಂತ ಕಷ್ಟ."

"ಹೌದು," ಎಂದೆ.

ಅವರು ಗಟ್ಟಿಯಾಗಿ ನಕ್ಕರು. ಒಳಗಿನ ಮಕ್ಕಳೆಲ್ಲ ಹೊರಳಿ ನಮ್ಮ ಕಡೆ ನೋಡಿದವು. ಹಲಗೆಯ ಹತ್ತಿರ ನಿಂತಿದ್ದ ಅಕ್ಕೋರು ಸೀಮೆಸುಣ್ಣ ಹಿಡಿದುಕೊಂಡೇ ಬಾಗಿಲಿಗೆ ಬಂದರು. ಬೆರಳ ತುದಿಗಳೆಲ್ಲ ಬೆಳ್ಳಗಾಗಿದ್ದವು.

"ಮಾತಾಡೂದಿತ್ತಂದ್ರ ಕೆಳಗ ಹೋಗಿ ಮಾತಾಡ್ರಿ," ಎಂದರು. "ಇಲ್ಲಿ ಪಾಠ ನಡದೈತಿ."

"ಆಯ್ತು ಅಕ್ಕೋರೇ, ಆಯ್ತು," ಎಂದು ಅಧ್ಯಕ್ಷರು ಹಿಂದೆ ಸರಿದರು. ಅಕ್ಕೋರು ಬಾಗಿಲನ್ನು ಎಳೆದುಕೊಂಡರು. ಮಳೆಗೆ ಉಬ್ಬಿದ ಮರ ಚೌಕಟ್ಟಿಗೆ ಕೂರಲಿಲ್ಲ. ಒಳಗಿನಿಂದ ಅವರು ಭುಜ ಕೊಟ್ಟು ಒತ್ತಿದರು, ಇತ್ತ ಅಧ್ಯಕ್ಷರೂ ಹಿಡಿಕೆ ಹಿಡಿದು ತಮ್ಮ ಕಡೆ ಎಳೆದರು, ಬಾಗಿಲು ಮುಚ್ಚಿಕೊಂಡಿತು.